ಊದದೆ ಮಾಡಿದ ಗ್ರೀಕ್ ಅತ್ತರು ಸೀಸೆ: ಆ ಅಂಕುಡೊಂಕು ಗೆರೆ ಬಂದದ್ದು ಹೇಗೆ?

ಗ್ರೀಕರ ಪುಟ್ಟ ಗಾಜಿನ ಅತ್ತರು ಸೀಸೆಗಳ ಮೈಮೇಲೆ ಬಣ್ಣದ ಅಂಕುಡೊಂಕು ಗೆರೆ ಇರುತ್ತದೆ. ಇವನ್ನು ಊದಿ ಮಾಡಿದ್ದಲ್ಲ, ಒಂದು ತಿರುಳಿನ ಮೇಲೆ ಗಾಜು ಹಚ್ಚಿ ಮಾಡಿದ್ದು. ಮೊದಲು ಕಾಲ. ಗ್ರೀಕ್ ಲೋಕದಲ್ಲಿ ಈ ಸೀಸೆಗಳು ಕ್ರಿ.ಪೂ. 6ನೇ ಶತಮಾನದ ನಡುವಿನಿಂದ ಕಾಣಿಸುತ್ತವೆ. ರೋಡ್ಸ್ ದ್ವೀಪದಲ್ಲಿ ಇವನ್ನು ಮಾಡುತ್ತಿದ್ದರು ಅನ್ನುವುದು ವಿದ್ವಾಂಸರ ಅಂದಾಜು. ವಿಧಾನ ಮಾತ್ರ ಹಳೆಯದು. ಮೆಸೊಪೊಟೇಮಿಯ, ಈಜಿಪ್ಟ್‌ನವರು ಇದನ್ನು ಸಾವಿರ ವರ್ಷ ಮೊದಲೇ ಬಳಸಿದ್ದರು.

ಲೋಹದ ಸಲಾಕೆಯ ತುದಿಗೆ ಜೇಡಿಮಣ್ಣು, ಮರಳು, ಸಗಣಿ ಕಲಸಿ ಮೆತ್ತುತ್ತಾರೆ. ಇದು ತಿರುಳು. ಸೀಸೆಯ ಒಳಗೆ ಎಷ್ಟು ಜಾಗ ಬೇಕೋ ಅದೇ ಆಕಾರ. ಇದರ ಮೇಲೆ ಕರಗಿದ ಗಾಜು ಹಚ್ಚುತ್ತಾರೆ, ಸಾಮಾನ್ಯವಾಗಿ ಕಡುನೀಲಿ. ಆಮೇಲೆ ಹಳದಿ, ಬಿಳಿ ಗಾಜಿನ ಬಿಸಿ ಎಳೆಗಳನ್ನು ಸುತ್ತುತ್ತಾರೆ. ಬೊಂಬಾಯಿ ಮಿಠಾಯಿಯವನು ಕೋಲಿಗೆ ಸುತ್ತುತ್ತಾನಲ್ಲ, ಹಾಗೆ.

ನಾನು ಎಡವಿದ್ದು ಇಲ್ಲಿ. ಸುತ್ತಿದರೆ ಬಳೆಯಂಥ ಅಡ್ಡಗೆರೆ ಬರಬೇಕು. ಅಂಕುಡೊಂಕು ಎಲ್ಲಿಂದ ಬಂತು? ಎಳೆಯನ್ನೇ ಬಗ್ಗಿಸಿ ಅಂಟಿಸಿರಬೇಕು ಅಂತ ಎರಡು ದಿನ ನಂಬಿದ್ದೆ. ತಪ್ಪು! ಗಾಜು ಮೆತ್ತಗಿರುವಾಗಲೇ ಚೂಪು ಕೊಕ್ಕೆಯಿಂದ ಮೇಲಕ್ಕೂ ಕೆಳಕ್ಕೂ ಎಳೆಯುತ್ತಾರೆ. ಕೊಕ್ಕೆ ಹೋದಲ್ಲಿ ಅಡ್ಡಗೆರೆಯೂ ಅದರ ಜೊತೆ ಜಗ್ಗುತ್ತದೆ.

ನಂಬಿಕೆ ಬರದೆ ತಟ್ಟೆಯಲ್ಲಿ ದೋಸೆ ಹಿಟ್ಟು ಹರಡಿ, ಟೊಮೆಟೊ ಸಾಸ್‌ನಿಂದ ಅಡ್ಡಗೆರೆ ಎಳೆದೆ. ಹಲ್ಲುಕಡ್ಡಿಯನ್ನು ಪ್ರತಿ ಸಲ ಕೆಳಕ್ಕೇ ಎಳೆದಾಗ ಬಾಗಿಲ ತೋರಣದ ಹಾಗೆ ಸಾಲು ಸಾಲು ಬಾಗು ಬಂತು. ಒಮ್ಮೆ ಕೆಳಕ್ಕೆ, ಪಕ್ಕದಲ್ಲಿ ಒಮ್ಮೆ ಮೇಲಕ್ಕೆ ಎಳೆದಾಗ ಬಂದದ್ದು ಅಂಕುಡೊಂಕು. ಅಷ್ಟೇ! (ಅಮ್ಮ ಬೈದರು, ಅದು ಬೇರೆ ಮಾತು.) ಈಗ ಸೀಸೆಯ ಚಿತ್ರ ನೋಡಿದರೆ ಕೊಕ್ಕೆ ಎಷ್ಟು ಸಲ ಓಡಿದೆ ಅಂತ ಎಣಿಸುತ್ತೇನೆ. ಕೆಲವು ಸೀಸೆಗಳ ಮೈಮೇಲೆ ಅದು ಹೋದ ದಾರಿ ಸಣ್ಣ ತಗ್ಗಾಗಿಯೇ ಉಳಿದಿರುತ್ತದೆ. ಎಳೆಗಳನ್ನು ಮೈಯೊಳಗೆ ಕೂರಿಸಲು ಬಿಸಿ ಸೀಸೆಯನ್ನು ಚಪ್ಪಟೆ ಕಲ್ಲಿನ ಮೇಲೆ ಉರುಳಿಸುತ್ತಾರೆ. ಹಾಗಾಗಿ ಇದು ಬಣ್ಣ ಬಳಿದದ್ದಲ್ಲ, ಗಾಜಿನೊಳಗಿನ ಗಾಜು.

ಆಕಾರ ನೆನಪಿಡಲು ನನ್ನ ಸೂತ್ರ: ಉದ್ದ ಕೊಳವೆಯಂತಿದ್ದರೆ ಅಲಬಾಸ್ಟ್ರಾನ್, ಉಂಡೆಯಾದರೆ ಅರಿಬಲ್ಲೋಸ್, ಬುಡ ಚೂಪಾಗಿ ಎರಡು ಕಿವಿ ಇದ್ದರೆ ಆಂಫೊರಿಸ್ಕೋಸ್.

ಊದಿದ ಗಾಜಿನ ಜೊತೆ ಇದನ್ನು ಸೇರಿಸಬೇಡಿ. ಊದುವುದು ಶುರುವಾದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಸಿರಿಯಾ-ಪ್ಯಾಲೆಸ್ಟೈನ್ ಕಡೆ. ಅನುಮಾನ ಬಂದರೆ ಒಡೆದ ಚೂರಿನ ಒಳಮೈ ನೋಡಿ. ಸೀಸೆ ನಿಧಾನವಾಗಿ ಆರಿದ ಮೇಲೆ ಸಲಾಕೆ ತೆಗೆದು, ತಿರುಳನ್ನು ಕೆರೆದು ಹಾಕುತ್ತಿದ್ದರು. ಕಿರಿದಾದ ಕುತ್ತಿಗೆಯಿಂದ ಎಷ್ಟು ಕೆರೆದರೂ ಸ್ವಲ್ಪ ಉಳಿಯುತ್ತದೆ ಅಲ್ವಾ? ಅದಕ್ಕೇ ಒಳಗೆ ಒರಟು, ಹೊರಗೆ ನುಣುಪು.