ಎಲ್ ನಿನೋ ಬಂದು ಹೋದ ಮೇಲೆ ಕಾಣದ ಮೀನು

2023ರ ಆಗಸ್ಟ್ ನೆನಪಿದೆಯಲ್ಲ? 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಗದಗ ಸೀಮೆಯ ಎರೆ ಹೊಲದಲ್ಲಿ ಹೆಸರು ಬಿತ್ತಿದವರು ಮುಗಿಲು ನೋಡಿಕೊಂಡೇ ದಿನ ಕಳೆದರು. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದವು. ಚಹಾದಂಗಡಿಯಲ್ಲೂ ಎಲ್ ನಿನೋದೇ ಮಾತು. ನಮ್ಮ ಪಾಲಿಗೆ ಅದು ಬರದ ಇನ್ನೊಂದು ಹೆಸರು, ಅಷ್ಟೆ.

ಆದರೆ ಆ ಹೆಸರಿಟ್ಟವರು ರೈತರಲ್ಲ, ಪೆರು ದೇಶದ ಕರಾವಳಿಯ ಮೀನುಗಾರರು. ಕ್ರಿಸ್‌ಮಸ್ ಹೊತ್ತಿಗೆ ಕಡಲ ನೀರು ಬೆಚ್ಚಗಾಗುತ್ತಿತ್ತು. ಅದಕ್ಕೆ ಬಾಲ ಯೇಸುವಿನ ಹೆಸರು ಕೊಟ್ಟರು. ಮಳೆ ಲೆಕ್ಕ ಹಾಕುವವರು ಅದನ್ನು ಎತ್ತಿಕೊಂಡದ್ದು ಆಮೇಲೆ.

ಅಲ್ಲಿಂದ ವಾಯವ್ಯಕ್ಕೆ, ಈಕ್ವೆಡಾರ್ ದಡದಿಂದ ಸುಮಾರು 1000 ಕಿ.ಮೀ. ದೂರದಲ್ಲಿ ಗಲಾಪಗೋಸ್ ದ್ವೀಪಗಳಿವೆ. ಅಲ್ಲಿ ಗೇಣುದ್ದವೂ ಇಲ್ಲದ ಒಂದು ಮೀನಿತ್ತು, ಗಲಾಪಗೋಸ್ ಡ್ಯಾಮ್ಸೆಲ್ ಅಂತ. ಹೆಲ್ಲರ್ ಮತ್ತು ಸ್ನಾಡ್‌ಗ್ರಾಸ್ ಎಂಬ ವಿಜ್ಞಾನಿಗಳು 1903ರಲ್ಲಿ ಅದಕ್ಕೆ ಅಝೂರಿನಾ ಯುಪಲಾಮಾ ಎಂದು ಹೆಸರಿಟ್ಟರು. ಮುಂದೆ ಸುಮಾರು 80 ವರ್ಷ ಅದರದೇನೂ ದೊಡ್ಡ ಸುದ್ದಿಯಿಲ್ಲ.

ಆ ದ್ವೀಪಗಳು ಭೂಮಧ್ಯ ರೇಖೆಯ ಮೇಲೇ ಇದ್ದರೂ ಸುತ್ತಲ ನೀರು ತಣ್ಣಗೆ. ಆಳದ ನೀರು ಮೇಲೆ ಬರುತ್ತಲೇ ಇರುವುದೇ ಕಾರಣ. ಹೊಲಕ್ಕೆ ತಿಪ್ಪೆ ಗೊಬ್ಬರ ಹೇಗೋ, ಕಡಲಿಗೆ ಆ ನೀರು ಹಾಗೆ. ಅದರ ಸಾರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದೆ. ಪಾಚಿ ತಿಂದು ಸಣ್ಣ ಜೀವಿಗಳು, ಅವನ್ನು ತಿಂದು ನಮ್ಮ ಈ ಮೀನು. ಎಲ್ ನಿನೋ ಬಂತೆಂದರೆ ಪೂರ್ವದಿಂದ ಬೀಸುವ ಗಾಳಿ ಸೋಲುತ್ತದೆ. ಪಶ್ಚಿಮದ ಬಿಸಿ ನೀರು ಹಿಂದಕ್ಕೆ ಹರಿದು ಬಂದು ಮುಚ್ಚಳದ ಹಾಗೆ ಕೂರುತ್ತದೆ. ಗೊಬ್ಬರ ಬಂದ್!

1982-83ರಲ್ಲಿ ಆದದ್ದು ಇದೇ, ಅದೂ ಭಾರೀ ಪ್ರಮಾಣದಲ್ಲಿ. 1982ರಲ್ಲಿ ನಮ್ಮ ದೇಶದ ಮುಂಗಾರೂ ಕೈಕೊಟ್ಟಿತ್ತು. ಗಲಾಪಗೋಸ್‌ನಲ್ಲಿ ಮೇವಿಲ್ಲದೆ ಕಡಲ ಉಡಗಳು ಸತ್ತವು. ಪೆಂಗ್ವಿನ್‌ಗಳು ನಾಲ್ಕರಲ್ಲಿ ಮೂರು ಪಾಲು ಇಲ್ಲವಾದವು. ಇವೆರಡೂ ಆಮೇಲೆ ಹೇಗೋ ಉಳಿದುಕೊಂಡವು. ಡ್ಯಾಮ್ಸೆಲ್ ಮೀನು ಮಾತ್ರ ಮತ್ತೆ ಕಾಣಲೇ ಇಲ್ಲ. ಬೇರೆ ಕಡಲಲ್ಲೂ ಇದ್ದಿದ್ದರೆ ಅದರ ಮರಿಗಳು ಹರಿವಿನ ಜೊತೆ ತೇಲಿ ಬರಬಹುದಿತ್ತು. ನಮ್ಮಲ್ಲಿ ಹೆಸರಿನ ಬೆಳೆ ಹೋದರೆ ಹಿಂಗಾರಿಗೆ ಕಡಲೆ ಬಿತ್ತಬಹುದು, ಬೀಜ ಬೇರೆ ಊರಿಂದ ತರಬಹುದು. ಇದಕ್ಕೆ ಬೇರೆ ಊರೇ ಇರಲಿಲ್ಲ.

ಹಾಗಾದರೆ ಅಳಿದೇ ಹೋಯಿತು ಅಂತ ಬರೆದುಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. ಕೊನೆಯ ಜೀವಿಯೂ ಸತ್ತಿದೆ ಎನ್ನುವುದರಲ್ಲಿ ಅನುಮಾನವೇ ಉಳಿಯಬಾರದು, ಇದು ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯ ನಿಯಮ. ಕಾಡಿನ ಹುಲಿಯಾದರೆ ಹೆಜ್ಜೆ ಗುರುತು ಹುಡುಕಬಹುದು. ಕಡಲಲ್ಲಿ ಗೇಣುದ್ದದ ಮೀನು ಇಲ್ಲ ಅಂತ ಸಾಬೀತು ಮಾಡುವುದು ಹೇಗೆ? ಹಾಗಾಗಿ ಅದನ್ನು ‘ತೀವ್ರ ಅಪಾಯದಲ್ಲಿದೆ’ ಎನ್ನುವ ಸಾಲಿನಲ್ಲಿ, ‘ಬಹುಶಃ ಅಳಿದಿರಬಹುದು’ ಎಂಬ ಟಿಪ್ಪಣಿಯ ಜೊತೆ ಇಟ್ಟಿದ್ದಾರೆ.

1997-98ರಲ್ಲಿ ಅಷ್ಟೇ ದೊಡ್ಡ ಎಲ್ ನಿನೋ ಇನ್ನೊಂದು ಬಂದು ಹೋಯಿತು. ಗಲಾಪಗೋಸ್‌ನಲ್ಲಿ ಕಡಲಾಳಕ್ಕೆ ಇಳಿಯುವವರು ಆ ಮೀನನ್ನು ಇನ್ನೂ ಹುಡುಕುತ್ತಾರೆ. ನೋಡಲೇಬೇಕು ಅಂದರೆ ಸದ್ಯಕ್ಕೆ ವಸ್ತುಸಂಗ್ರಹಾಲಯದ ಜಾಡಿಯೇ ಗತಿ.