ಎತ್ತಿನ ಪಕ್ಕೆಯ ಬರೆ, ಕ್ಯಾಂಪಸ್ಸಿನ ಸ್ಥಳಪುರಾಣ

1917ರ ಫೆಬ್ರುವರಿಯಲ್ಲಿ ಒಂದು ರಾತ್ರಿ, ಅಮೆರಿಕದ ಆಸ್ಟಿನ್ ಊರಿನ ದನದ ದೊಡ್ಡಿಗೆ ಕೆಲವರು ನುಗ್ಗಿದರು. ಅಲ್ಲಿ ಕಟ್ಟಿದ್ದದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಎತ್ತು, ಉದ್ದ ಕೊಂಬಿನ ಲಾಂಗ್‌ಹಾರ್ನ್ ತಳಿಯದು. ಅದು ಅವರ ಮ್ಯಾಸ್ಕಾಟ್, ಅಂದರೆ ತಂಡದ ಅದೃಷ್ಟದ ಗುರುತು. ಹಿಂದಿನ ವರ್ಷವಷ್ಟೇ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಅದನ್ನು ಕೊಂಡು ತಂದಿದ್ದರು. ನುಗ್ಗಿದವರು ಎದುರಾಳಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ಕಡೆಯವರು. ಕಾದ ಕಬ್ಬಿಣದಿಂದ ಎತ್ತಿನ ಪಕ್ಕೆಗೆ ‘13–0’ ಎಂದು ಬರೆ ಎಳೆದು ಹೋದರು. 1915ರ ಫುಟ್‌ಬಾಲ್ ಪಂದ್ಯದಲ್ಲಿ ಅವರು ಗೆದ್ದ ಅಂಕ ಅದು.

ಮುಂದಿನ ಕತೆಯನ್ನು ಆಸ್ಟಿನ್‌ನಲ್ಲಿ ಹೀಗೆ ಹೇಳುತ್ತಾರೆ: ಅವಮಾನ ಮುಚ್ಚಲು ವಿದ್ಯಾರ್ಥಿಗಳು 1 ಮತ್ತು 3ನ್ನು ಕೂಡಿಸಿ ಇಂಗ್ಲಿಷಿನ ‘ಬಿ’ ಮಾಡಿದರು, ಅಡ್ಡಗೆರೆಯನ್ನು ‘ಇ’ ಮಾಡಿದರು, ಒಂದು ‘ವಿ’ ತುರುಕಿದರು, ಸೊನ್ನೆ ‘ಓ’ ಆಯಿತು. ಎತ್ತಿಗೆ ‘ಬೀವೋ’ ಎಂಬ ಹೆಸರು ಬಂತು.

ಕೇಳಲು ಚೆನ್ನಾಗಿದೆ. ಆದರೆ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1916ರ ಡಿಸೆಂಬರ್‌ನಲ್ಲೇ, ಅಂದರೆ ಬರೆ ಬೀಳುವ ಮೊದಲೇ, ಆ ಎತ್ತನ್ನು ಬೀವೋ ಎಂದು ಕರೆದಾಗಿತ್ತು. ನಮ್ಮ ದೇವಸ್ಥಾನಗಳ ಸ್ಥಳಪುರಾಣದ ಹಾಗೆಯೇ ಇದು: ಹೆಸರು ಮೊದಲು, ಕತೆ ಆಮೇಲೆ. ನಿಜವಾಗಿ ನಡೆದದ್ದು ಕತೆಗಿಂತ ವಿಚಿತ್ರ. 1920ರಲ್ಲಿ ಆ ಎತ್ತನ್ನು ಕಡಿದು ಫುಟ್‌ಬಾಲ್ ತಂಡದ ಔತಣಕ್ಕೆ ಬಡಿಸಿದರು. ಎದುರಾಳಿಗಳನ್ನೂ ಊಟಕ್ಕೆ ಕರೆದು, ‘13–0’ ಇದ್ದ ಕಡೆಯ ಚರ್ಮವನ್ನು ಅವರಿಗೇ ಒಪ್ಪಿಸಿದರು! 2016ರಲ್ಲಿ ಮೈದಾನಕ್ಕೆ ಬಂದದ್ದು ಹದಿನೈದನೆಯ ಬೀವೋ.

ಮ್ಯಾಸ್ಕಾಟ್ ಎಂದರೆ ಲಾಂಛನ ಎಂದು ನಾವು ಅನುವಾದಿಸಿಬಿಡುತ್ತೇವೆ. ಅದು ಅಷ್ಟು ಸರಿಯಲ್ಲ. ಚಾಲುಕ್ಯರ ವರಾಹ ಲಾಂಛನ. ಅದು ಅಧಿಕಾರದ ಗುರುತು. ಮ್ಯಾಸ್ಕಾಟ್ ಪದದ ಬೇರು ದಕ್ಷಿಣ ಫ್ರಾನ್ಸಿನ ಆಡುಮಾತಿನ ‘ಮಾಸ್ಕೊ’, ಅಂದರೆ ಮಾಟಗಾತಿ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ ‘ಲಾ ಮಾಸ್ಕೋತ್’ ಎಂಬ ಗೀತನಾಟಕ ಆ ಪದವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದರ ನಾಯಕಿ ಟರ್ಕಿ ಕೋಳಿ ಕಾಯುವ ಹುಡುಗಿ. ಅವಳಿದ್ದ ಮನೆಗೆ ಅದೃಷ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಲ್ಗುಣದವಳು.

ಒಂಬತ್ತು ವರ್ಷಗಳ ನಂತರ, 1889ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ನ್ಯೂ ಹೇವನ್ನಿನ ಕಮ್ಮಾರನಿಂದ ಒಂದು ಬುಲ್‌ಡಾಗ್ ಕೊಂಡ. ಪಂದ್ಯಕ್ಕೆ ಮುಂಚೆ ಮೈದಾನದಲ್ಲಿ ನಡೆಸುತ್ತಿದ್ದ ಆ ‘ಹ್ಯಾಂಡ್ಸಮ್ ಡ್ಯಾನ್’ ಅಮೆರಿಕದ ಕಾಲೇಜುಗಳ ಮೊದಲ ಜೀವಂತ ಮ್ಯಾಸ್ಕಾಟ್ ಎಂದು ಹೆಸರಾಯಿತು. ಸತ್ತ ಮೇಲೂ ಬಿಡಲಿಲ್ಲ, ಚರ್ಮಕ್ಕೆ ಹೊಟ್ಟು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. 1934ರಲ್ಲಿ ಹಾರ್ವರ್ಡ್‌ನವರು ಎರಡನೆಯ ಡ್ಯಾನ್‌ನನ್ನು ಕದ್ದು, ಜಾನ್ ಹಾರ್ವರ್ಡ್ ಪ್ರತಿಮೆಯ ಪಾದಕ್ಕೆ ಮಾಂಸ ಸವರಿ ಅದರಿಂದ ನೆಕ್ಕಿಸಿ ಫೋಟೊ ತೆಗೆದರು.

ನಾಯಿ, ಎತ್ತುಗಳ ಮಟ್ಟಿಗೆ ಪುರಾಣ ಕಟ್ಟಿದರೆ ಯಾರಿಗೂ ನಷ್ಟವಿಲ್ಲ. ಮನುಷ್ಯರ ಮೇಲೆ ಕಟ್ಟಿದಾಗ ತಕರಾರು ಶುರುವಾಯಿತು. 1926ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಬ್ಯಾಂಡಿನವರು, ಸ್ಕೌಟ್‌ನಲ್ಲಿ ಮೂಲನಿವಾಸಿಗಳ ಕುಣಿತ ಕಲಿತಿದ್ದ ಬಿಳಿಯ ಹುಡುಗನೊಬ್ಬನಿಗೆ ಗರಿಯ ಕಿರೀಟ ತೊಡಿಸಿ ‘ಚೀಫ್ ಇಲಿನಿವೆಕ್’ ಎಂದು ಪಂದ್ಯದ ವಿರಾಮದಲ್ಲಿ ಕುಣಿಸಿದರು. ಹೆಸರು ಇಲಿನಾಯ್ ಬುಡಕಟ್ಟುಗಳದು, ವೇಷ ದೂರದ ಲಕೋಟಾ ಜನರ ಮಾದರಿಯದು. ಭೂತಕೋಲದ ವೇಷ ಹಾಕಿ ಕ್ರಿಕೆಟ್ ಪಂದ್ಯದ ನಡುವೆ ಯಾರೋ ಕುಣಿದರೆ ತುಳುನಾಡಿನವರಿಗೆ ಹೇಗನಿಸೀತು, ಯೋಚಿಸಿ. 1980ರ ದಶಕದ ಕೊನೆಗೆ, ಅಲ್ಲೇ ಓದುತ್ತಿದ್ದ ಸ್ಪೋಕೇನ್ ಬುಡಕಟ್ಟಿನ ಕಲಾವಿದೆ ಶಾರ್ಲೀನ್ ಟೀಟರ್ಸ್ ಮಕ್ಕಳ ಜೊತೆ ಈ ಕುಣಿತ ನೋಡಿದರು. ಆಮೇಲೆ ಫಲಕ ಹಿಡಿದು ಕ್ರೀಡಾಂಗಣದ ಹೊರಗೆ ನಿಂತರು. 2005ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಇಂಥ ಮ್ಯಾಸ್ಕಾಟ್‌ಗಳನ್ನು ತನ್ನ ಚಾಂಪಿಯನ್‌ಷಿಪ್‌ಗಳಿಂದ ದೂರವಿಟ್ಟಿತು. 2007ರ ಫೆಬ್ರುವರಿಯಲ್ಲಿ ‘ಚೀಫ್’ನ ಕೊನೆಯ ಕುಣಿತ ನಡೆಯಿತು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಂಥ ಕೆಲವಕ್ಕೆ ವಿನಾಯಿತಿ ಸಿಕ್ಕಿತು. ಫ್ಲಾರಿಡಾದ ಸೆಮಿನೋಲ್ ಜನರೇ ತಮ್ಮ ಹೆಸರು ಬಳಸಲು ಒಪ್ಪಿದ್ದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ‘ಇಂಡಿಯನ್’ ಮ್ಯಾಸ್ಕಾಟನ್ನು (ಅಂದರೆ ಅಮೆರಿಕದ ಮೂಲನಿವಾಸಿಯ ಚಿತ್ರಣವನ್ನು) 1972ರಲ್ಲೇ ಕೈಬಿಟ್ಟಿತ್ತು. ಜಾಗ ಖಾಲಿ ಇತ್ತು. 1975ರಲ್ಲಿ ಅಲ್ಲಿನ ತುಂಟ ಬ್ಯಾಂಡು ಹೊಸ ಮ್ಯಾಸ್ಕಾಟ್ ಎಂದು ತಮಾಷೆಗೆ ಒಂದು ಮರ, ಒಂದು ಫ್ರೆಂಚ್ ಫ್ರೈ, ಒಂದು ಹೊಗೆಯಾಡುವ ಮ್ಯಾನ್‌ಹೋಲ್ ಮುಂದಿಟ್ಟಿತು. ಜನಕ್ಕೆ ಮರ ಹಿಡಿಸಿತು. ಈಗಲೂ ಪಂದ್ಯಗಳಲ್ಲಿ ಕುಣಿಯುವ ಆ ಮರ, ದಾಖಲೆಯ ಪ್ರಕಾರ, ವಿಶ್ವವಿದ್ಯಾಲಯದ್ದಲ್ಲ, ಬ್ಯಾಂಡಿನದು.