ಮೂರು ನಾಣ್ಯ, ಆರು ಎಸೆತ: ಉತ್ತರ ಹಿಡಿಸದಿದ್ದರೆ ಮತ್ತೆ ಕೇಳಬಹುದೇ?

ಪ್ರಶ್ನೆ: ಮೂರು ನಾಣ್ಯಗಳನ್ನು ಎಸೆದು ಚೀನಾದ ‘ಯಿ ಜಿಂಗ್’ ಗ್ರಂಥವನ್ನು ನೋಡುವ ಕ್ರಮವನ್ನು ಈಚೆಗೆ ಕಲಿತಿದ್ದೇನೆ. ಕೆಲಸ ಬಿಡುವ ವಿಚಾರವಾಗಿ ಕೇಳಿದಾಗ ಬಂದ ಉತ್ತರ ಮನಸ್ಸಿಗೆ ಹಿಡಿಸಲಿಲ್ಲ, ಪೂರ್ತಿ ಅರ್ಥವೂ ಆಗಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬಹುದೇ?

ಉತ್ತರ: ಕೇಳಬಾರದು. ಇದು ನನ್ನ ಅಭಿಪ್ರಾಯವಲ್ಲ, ಆ ಗ್ರಂಥವೇ ಹಾಕಿರುವ ಕಟ್ಟಳೆ. ಯಿ ಜಿಂಗ್‌ನಲ್ಲಿ ಆರಾರು ಗೆರೆಗಳ 64 ಆಕೃತಿಗಳಿದ್ದು, ಅವುಗಳಲ್ಲಿ ನಾಲ್ಕನೆಯದಕ್ಕೆ ‘ಮೆಂಗ್’ ಎಂದು ಹೆಸರು; ಇನ್ನೂ ಏನೂ ತಿಳಿಯದ ಎಳೆಯನ ಸ್ಥಿತಿ ಎಂಬುದು ಅದರ ಅರ್ಥ. ಎಳೆಯನನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವನೇ ನನ್ನಲ್ಲಿಗೆ ಬರುತ್ತಾನೆ. ಮೊದಲ ಸಲ ಕೇಳಿದಾಗ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಅಗೌರವ, ಅಗೌರವ ತೋರಿದವನಿಗೆ ಹೇಳುವುದಿಲ್ಲ ಎಂದು ಅಲ್ಲಿಯ ಮೂಲಪಾಠವೇ ಹೇಳುತ್ತದೆ. ಕೇಳಿದ್ದನ್ನೇ ಕೇಳುವ ಶಿಷ್ಯನ ಮೇಲೆ ಮೇಷ್ಟರಿಗೆ ಬರುವ ಸಿಟ್ಟು ಈ ಮಾತಿನಲ್ಲಿ ಕೇಳಿಸುವಂತಿದೆ.

ಗೌರವದ ಮಾತನ್ನು ಬದಿಗಿಟ್ಟರೂ ಲೆಕ್ಕ ಇದನ್ನೇ ಹೇಳುತ್ತದೆ. ನಡುವೆ ಚೌಕದ ತೂತಿರುವ ಹಳೆಯ ಚೀನೀ ನಾಣ್ಯದಲ್ಲಿ ನಾಲ್ಕು ಅಕ್ಷರಗಳಿರುವ ಮುಖಕ್ಕೆ 2, ಬೆನ್ನಿನ ಕಡೆಗೆ 3 ಎಂದು ಎಣಿಸುವುದು ವಾಡಿಕೆ. (ಇದನ್ನು ತಿರುವುಮುರುವಾಗಿ ಹೇಳುವವರೂ ಇದ್ದಾರೆ; ಯಾವುದಕ್ಕೆ ಎಷ್ಟು ಎಂಬುದನ್ನು ಎಸೆಯುವ ಮೊದಲೇ ನಿಶ್ಚಯಿಸಿಕೊಂಡಿರಬೇಕು, ಅಷ್ಟೆ. ಒಂದೇ ಬಗೆಯ ಮೂರು ನಾಣ್ಯಗಳಿದ್ದರೆ ಸಾಕು, ನಮ್ಮ ರೂಪಾಯಿಯೂ ನಡೆಯುತ್ತದೆ.) ಮೂರನ್ನೂ ಒಟ್ಟಿಗೆ ಎಸೆದಾಗ ಮೊತ್ತ 6, 7, 8 ಅಥವಾ 9 ಬರುತ್ತದೆ. 7 ಮತ್ತು 9 ಬಂದರೆ ‘ಯಾಂಗ್’ ಎನ್ನುವ ಇಡೀ ಗೆರೆ, 6 ಮತ್ತು 8 ಬಂದರೆ ‘ಯಿನ್’ ಎನ್ನುವ ತುಂಡು ಗೆರೆ; ಇವುಗಳಲ್ಲಿ 6 ಮತ್ತು 9 ಮಾತ್ರ ತಮ್ಮ ವಿರುದ್ಧಕ್ಕೆ ತಿರುಗುವ, ಅಂದರೆ ಬದಲಾಗುವ ಗೆರೆಗಳು. ಹೀಗೆ ಆರು ಸಲ ಎಸೆದು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆರೆ ಬರೆಯುತ್ತಾ ಹೋಗಬೇಕು. ಹೊಸಬರು ಮೇಲಿನಿಂದ ಕೆಳಕ್ಕೆ ಬರೆದು ತಲೆಕೆಳಗಾದ ಆಕೃತಿಯನ್ನು ಓದುವುದುಂಟು. ಅರ್ಥವಾಗದ ಉತ್ತರ ಬಂದಾಗ ಮೊದಲು ಇದನ್ನೇ ಪರೀಕ್ಷಿಸಿ.

ಈ ವಿಧಾನದಲ್ಲಿ 64 ಆಕೃತಿಗಳೂ ಬರುವ ಸಾಧ್ಯತೆ ಸಮಸಮ. ಎರಡನೆಯ ಸಲ ಕೇಳಿದಾಗ ಮೊದಲಿನ ಆಕೃತಿಯೇ ಬರುವ ಸಾಧ್ಯತೆ 64ರಲ್ಲಿ ಒಂದು, ಬೇರೆಯದು ಬರುವ ಸಾಧ್ಯತೆ 63. ಬದಲಾಗುವ ಗೆರೆಗಳನ್ನೂ ಸೇರಿಸಿಕೊಂಡರೆ ಒಟ್ಟು 4,096 ಫಲಿತಗಳಿವೆ. ಎಂದರೆ ಎರಡನೆಯ ಎಸೆತ ಮೊದಲನೆಯದನ್ನು ಎಂದೂ ದೃಢಪಡಿಸುವುದಿಲ್ಲ, ಕೈಗೆ ಇನ್ನೊಂದು ಉತ್ತರವನ್ನು ಕೊಡುತ್ತದೆ, ಮೂರನೆಯದು ಮತ್ತೊಂದನ್ನು. ಕೊನೆಗೆ ಆರಿಸುವವರು ನೀವೇ, ಆರಿಸುವುದೂ ಮೊದಲೇ ಮನಸ್ಸಿನಲ್ಲಿದ್ದುದನ್ನೇ. ಅಷ್ಟಕ್ಕೆ ನಾಣ್ಯಗಳ ಅಗತ್ಯವಿರಲಿಲ್ಲ.

ನಾಣ್ಯಗಳಿಗೆ ಭವಿಷ್ಯ ಗೊತ್ತಿರುತ್ತದೆ ಎಂದು ನಾನು ನಂಬುವುದಿಲ್ಲ. ಈ ಅಭ್ಯಾಸದ ಬೆಲೆ ಬೇರೆ ಕಡೆಯಿದೆ. ಒಂದು ಉದಾಹರಣೆ ನೋಡೋಣ. “ಈ ಕೆಲಸದ ವಿಚಾರದಲ್ಲಿ ನಾನು ಯಾವುದನ್ನು ಗಮನಿಸಬೇಕು?” ಎಂದು ಕೇಳಿ ಎಸೆದಾಗ ಕೆಳಗಿನಿಂದ 7, 7, 9, 8, 7, 8 ಬಂದಿತೆನ್ನಿ. ಇದು ಐದನೆಯ ಆಕೃತಿ ‘ಷು’, ಅಂದರೆ ಕಾಯುವಿಕೆ. ಕೆಳಗೆ ಆಕಾಶ, ಮೇಲೆ ನೀರು, ಮೋಡ ಕಟ್ಟಿದೆ ಆದರೆ ಮಳೆ ಬಂದಿಲ್ಲ. ಇದರ ಮೊದಲ ಗೆರೆ ಊರಾಚೆಯ ಬಯಲಿನಲ್ಲಿ ಕಾಯುವುದನ್ನು ಹೇಳುತ್ತದೆ, ಎರಡನೆಯದು ಮರಳಿನಲ್ಲಿ, ಮೂರನೆಯದು ಕೆಸರಿನಲ್ಲಿ. ಅಪಾಯದ ನೀರಿಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರವಾಗುವ ನಡಿಗೆ ಇದು, ಮತ್ತು ಇಲ್ಲಿ 9 ಬಂದಿರುವುದು ಮೂರನೆಯ ಗೆರೆಗೆ: ಕೆಸರಿನಲ್ಲಿ ನಿಂತು ಕಾಯುವುದು ದರೋಡೆಕೋರರನ್ನು ಬರಮಾಡಿಕೊಳ್ಳುತ್ತದೆ. ಆ ಗೆರೆ ತಿರುಗಿದಾಗ ಉಂಟಾಗುವುದು 60ನೆಯ ಆಕೃತಿ ‘ಜಿಯೆ’, ಅಂದರೆ ಮಿತಿ. ಕಹಿಯಾದ ಕಟ್ಟುಪಾಡನ್ನು ಹಿಡಿದು ಕೂರಬಾರದು ಎಂದು ಅದರ ಪಾಠ.

ಇಲ್ಲಿ ‘ಬಿಡು’ ಎಂದೂ ಇಲ್ಲ, ‘ಬಿಡಬೇಡ’ ಎಂದೂ ಇಲ್ಲ. ನಾನು ಕಾಯುತ್ತಿರುವುದು ಬಯಲಿನಲ್ಲೋ ಕೆಸರಿನಲ್ಲೋ, ಇಲ್ಲಿಗೆ ಬಂದು ನಿಂತವನು ನಾನೇ ಅಲ್ಲವೇ ಎಂದು ಕೇಳಿಕೊಳ್ಳದೆ ಆ ಸಾಲನ್ನು ದಾಟಲಾಗದು. ಇಂಥ ಉತ್ತರ ಹಿಡಿಸದೇ ಇರುವುದು ಸಹಜ. ಆ ಹಿಡಿಸದಿರುವಿಕೆಯೇ ಅರ್ಧ ಉತ್ತರ ಎಂದು ನನಗನ್ನಿಸುತ್ತದೆ. ಮತ್ತೆ ಎಸೆದರೆ ಅದು ಕೈತಪ್ಪಿ ಹೋಗುತ್ತದೆ.

ಹೌದು ಅಥವಾ ಅಲ್ಲ ಎಂಬ ಉತ್ತರವೇ ಬೇಕೆನ್ನುವವರಿಗೆ ಚೀನೀಯರಲ್ಲಿ ಬೇರೆ ವಿಧಾನಗಳಿವೆ, ಅಲ್ಲಿ ಪುನಃ ಕೇಳುವುದು ತಪ್ಪೂ ಅಲ್ಲ. ತೈವಾನಿನ ದೇವಾಲಯಗಳಲ್ಲಿ ಭಕ್ತರು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಾರೆ. ಒಂದು ಬೋರಲು, ಒಂದು ಅಂಗಾತ ಬಿದ್ದರೆ ದೇವರ ಒಪ್ಪಿಗೆ, ದೊಡ್ಡ ವಿಷಯವಾದರೆ ಅದು ಸತತ ಮೂರು ಸಲ ಬರಬೇಕು. ಸುಮಾರು 3,200 ವರ್ಷಗಳ ಹಿಂದೆ ಆನ್ಯಾಂಗ್‌ನಲ್ಲಿ ಆಳಿದ ಶಾಂಗ್ ಅರಸರ ಕಾಲದಲ್ಲಿಯೂ ಆಮೆಯ ಚಿಪ್ಪಿನ ಮೇಲೆ ಒಂದೇ ಸಂಗತಿಯನ್ನು ‘ಆಗುತ್ತದೆ’, ‘ಆಗುವುದಿಲ್ಲ’ ಎಂದು ಎರಡು ಬಗೆಯಾಗಿ, ಹಲವು ಸಲ ಕೇಳಿ ಕೆತ್ತಿಟ್ಟಿದ್ದಾರೆ. ನೂರಾರು ಸಾಲುಗಳ ಪಠ್ಯವಿರುವ ಯಿ ಜಿಂಗ್ ಆ ಜಾತಿಯದಲ್ಲ. ಅದಕ್ಕೆ ಬೇಕಾದುದು ಓದು.

ಹಾಗೆ ಓದಿದವರಲ್ಲಿ ನನಗೆ ಮರೆಯಲಾಗದವಳು ಲು ರಾಜ್ಯದ ರಾಣಿ ಮು ಜಿಯಾಂಗ್. ಸಂಚಿನಲ್ಲಿ ಸಿಕ್ಕಿಬಿದ್ದು ಪೂರ್ವದ ಅರಮನೆಗೆ ಕಳುಹಿಸಲ್ಪಟ್ಟಾಗ ಅವಳಿಗಾಗಿ ಶಕುನ ಕೇಳಲಾಯಿತು. ಅದು ಕಡ್ಡಿಗಳಿಂದ ಕೇಳುತ್ತಿದ್ದ ಕಾಲ, ನಾಣ್ಯಗಳ ರೂಢಿ ಎಷ್ಟೋ ಶತಮಾನಗಳ ನಂತರದ್ದು. ಬಂದದ್ದು ‘ಸುಯ್’ ಎಂಬ ಆಕೃತಿ; ಹೊರಗೆ ಹೋಗುವುದು ಎಂದು ಅರ್ಥ ಹೇಳಿ, ಬೇಗನೆ ಬಿಡುಗಡೆಯಾಗುವುದೆಂದು ಶಕುನಿಗ ಸಂತೋಷಪಡಿಸಲು ನೋಡಿದ. ರಾಣಿ ಒಪ್ಪಲಿಲ್ಲ. ಈ ಆಕೃತಿಯ ಶುಭಫಲ ನಾಲ್ಕು ಗುಣಗಳಿರುವವರಿಗೆ, ಅವುಗಳಲ್ಲಿ ಒಂದೂ ನನ್ನಲ್ಲಿಲ್ಲ, ನಾನು ಇಲ್ಲಿಯೇ ಸಾಯುತ್ತೇನೆ ಎಂದಳು. ಕ್ರಿ.ಪೂ. 564ರಲ್ಲಿ ಹಾಗೆಯೇ ಆಯಿತು ಎಂದು ‘ಜುವೋ ಜುವಾನ್’ ಎಂಬ ಪ್ರಾಚೀನ ಇತಿಹಾಸ ದಾಖಲಿಸುತ್ತದೆ. ಶುಭವೆಂದು ಬಂದ ಉತ್ತರವನ್ನೂ ತನಗೆ ಹೊಂದಿಸಿಕೊಂಡು ಓದುವ ಆ ನಿಷ್ಠುರತೆ ಎಲ್ಲರಿಗೂ ಬರುವಂಥದ್ದಲ್ಲ.

ಇನ್ನು ಅರ್ಥವಾಗದಿದ್ದರೆ ಏನು ಮಾಡಬೇಕು? ಬಹಳ ಸಲ ತೊಡಕು ಹುಟ್ಟುವುದು ಎರಡು ಮೂರು ಗೆರೆಗಳು ಒಟ್ಟಿಗೆ ಬದಲಾಗಿ, ಒಂದಕ್ಕೊಂದು ಹೊಂದದ ಮಾತು ಹೇಳಿದಾಗ. ಇದಕ್ಕೆ 12ನೆಯ ಶತಮಾನದ ಪಂಡಿತ ಜು ಶಿ ಒಂದು ಕ್ರಮ ಹಾಕಿಕೊಟ್ಟಿದ್ದಾನೆ: ಒಂದೇ ಗೆರೆ ಬದಲಾದರೆ ಅದನ್ನೇ ಓದಿ, ಎರಡು ಬದಲಾದರೆ ಮೇಲಿನದಕ್ಕೆ ಪ್ರಾಧಾನ್ಯ ಕೊಡಿ, ಮೂರು ಬದಲಾದರೆ ಗೆರೆಗಳನ್ನು ಬಿಟ್ಟು ಎರಡೂ ಆಕೃತಿಗಳ ಮುಖ್ಯ ಪಾಠ ನೋಡಿ. ಯಾವ ಗೆರೆಯೂ ಬದಲಾಗದಿರುವುದು ನೂರಕ್ಕೆ ಸುಮಾರು 18 ಸಲ. ಆಗ ಮುಖ್ಯ ಪಾಠವೊಂದೇ ಸಾಕು.

ಪ್ರಶ್ನೆ, ದಿನಾಂಕ, ಆರು ಅಂಕೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವಾರ ಬಿಟ್ಟು ಅದೇ ಪುಟವನ್ನು ಮತ್ತೆ ಓದಿ. ಈ ನಡುವೆ ಪರಿಸ್ಥಿತಿಯೇ ಬದಲಾಗಿ, ಬೇರೊಂದು ಕಡೆಯಿಂದ ಕೆಲಸದ ಕರೆ ಬಂದಿದ್ದರೆ ಅದು ಹೊಸ ಪ್ರಶ್ನೆ. ಆಗ ನಾಣ್ಯಗಳನ್ನು ಧಾರಾಳವಾಗಿ ಕೈಗೆತ್ತಿಕೊಳ್ಳಬಹುದು.